ಮನೆ ನಡೆಸುವ ಕಂಪ್ಯೂಟರ್ ಬದಲಿಸುವುದು: ರಾಸ್ಪ್‌ಬೆರಿ ಪೈನಿಂದ ಮಿನಿ ಪಿಸಿಗೆ

ಸಂಪಿನ ಮೋಟಾರ್, ಮೇಲಿನ ಟ್ಯಾಂಕಿನ ನೀರಿನ ಮಟ್ಟ, ಗೇಟಿನ ದೀಪ, ಗೀಸರ್, ನಾಲ್ಕು ಕ್ಯಾಮೆರಾ. ಇಷ್ಟನ್ನೂ ಹೋಮ್ ಅಸಿಸ್ಟೆಂಟ್ ಎಂಬ ಮನೆ ನಡೆಸುವ ಸಾಫ್ಟ್‌ವೇರಿನ ಕೈಗೆ ಒಪ್ಪಿಸಿದ ಮನೆಗಳಲ್ಲಿ ಎರಡು-ಮೂರು ವರ್ಷ ಕಳೆದ ಮೇಲೆ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ: ಕರೆಂಟ್ ಹೋಗಿ ಬಂತು, ಅದನ್ನು ಓಡಿಸುವ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಮಾತ್ರ ಏಳಲಿಲ್ಲ. ದಾವಣಗೆರೆಯಲ್ಲಿ ಏಪ್ರಿಲ್-ಮೇ ತಿಂಗಳ ಗಾಳಿಮಳೆ ಶುರುವಾದರೆ ಒಂದೇ ಸಂಜೆಗೆ ನಾಲ್ಕೈದು ಸಲ ಕರೆಂಟ್ ಹೋಗಿ ಬರುವುದುಂಟು. ಪೈ ಡಿಸ್ಕಿನ ಬದಲು ಬಳಸುವ ಮೆಮೊರಿ ಕಾರ್ಡಿಗೆ ಅಂಥ ಸಂಜೆಗಳೇ ಕಂಟಕ.

ಕಾರಣ ಸರಳ. ಹೋಮ್ ಅಸಿಸ್ಟೆಂಟಿನ ರೆಕಾರ್ಡರ್ ಎಂಬ ಭಾಗ ಪ್ರತಿ ಸೆನ್ಸರಿನ ಬದಲಾವಣೆಯನ್ನೂ ಡೇಟಾಬೇಸಿಗೆ ಬರೆಯುತ್ತದೆ. ನೀವೇನೂ ಬದಲಿಸದಿದ್ದರೆ 5 ಸೆಕೆಂಡಿಗೊಮ್ಮೆ ಡಿಸ್ಕಿಗೆ ಒಪ್ಪಿಸುತ್ತದೆ, 10 ದಿನದ ಇತಿಹಾಸ ಇಟ್ಟುಕೊಳ್ಳುತ್ತದೆ. ಫೋಟೊ ತುಂಬಿಡಲು ಮಾಡಿದ ಕಾರ್ಡು ಹಗಲೂ ರಾತ್ರಿ ಈ ಬರವಣಿಗೆ ತಾಳುವುದಿಲ್ಲ. ಬರೆಯುವ ನಡುವೆಯೇ ಕರೆಂಟ್ ಹೋದರಂತೂ ಫೈಲ್ ಸಿಸ್ಟಮ್ಮೇ ಕೆಡುತ್ತದೆ.

ಬದಲಿಸಲೇಬೇಕೆ?

ಹೊಸ ಯಂತ್ರಕ್ಕೆ ದುಡ್ಡು ಹಾಕುವ ಮುನ್ನ ಸೆಟ್ಟಿಂಗ್ಸ್, ಸಿಸ್ಟಮ್, ಹಾರ್ಡ್‌ವೇರ್ ಪುಟ ತೆರೆದು ಪ್ರೊಸೆಸರ್ ಮತ್ತು ರ‍್ಯಾಮ್ ಗ್ರಾಫನ್ನು ಸಂಜೆ ಹೊತ್ತಿನಲ್ಲಿ ಹತ್ತು ನಿಮಿಷ ನೋಡಿ. 4 ಜಿಬಿಯ ಪೈ 4 ಇದ್ದು ಪ್ರೊಸೆಸರ್ 20% ದಾಟದೆ, ರ‍್ಯಾಮ್ ಅರ್ಧಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಪೈ ಗಟ್ಟಿಯಾಗಿಯೇ ಇದೆ, ತೊಂದರೆ ಕಾರ್ಡಿನದ್ದು. ಯುಎಸ್‌ಬಿ ಕೇಸಿನಲ್ಲಿ ಒಂದು ಎಸ್‌ಎಸ್‌ಡಿ (ಕಾರ್ಡಿಗಿಂತ ಗಟ್ಟಿಯಾದ ಚಿಪ್ ಡಿಸ್ಕ್) ಹಾಕಿ, ಸಿಸ್ಟಮ್ ಕೆಳಗಿನ ಸ್ಟೋರೇಜ್ ಪುಟದಿಂದ ಡೇಟಾ ಡಿಸ್ಕನ್ನು ಅದಕ್ಕೆ ಸ್ಥಳಾಂತರಿಸಿದರೆ ಸಾಕು. ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿ ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ. ಎಸ್‌ಎಸ್‌ಡಿ, ಜಿಗ್ಬೀ ಡಾಂಗಲ್ (ನಿಸ್ತಂತು ಸೆನ್ಸರುಗಳ ಜತೆ ಮಾತಾಡುವ ಯುಎಸ್‌ಬಿ ಕಡ್ಡಿ) ಎರಡನ್ನೂ ಅದರ ಮೇಲೆ ಹೊರಿಸುವಾಗ ಪವರ್ ಅಡಾಪ್ಟರ್ 5.1 ವೋಲ್ಟ್ 3 ಆಂಪಿಯರಿನದೇ ಇರಬೇಕು. ಹಳೆಯ ಮೊಬೈಲ್ ಚಾರ್ಜರಿನಲ್ಲಿ ಓಡಿಸಿ ಪೈಯನ್ನು ಬೈಯುವವರೇ ಹೆಚ್ಚು. ಲಾಗಿನಲ್ಲಿ ವೋಲ್ಟೇಜ್ ಕಡಿಮೆ ಎಂಬ ಎಚ್ಚರಿಕೆ ಇದೆಯೇ ನೋಡಿ, 4.63 ವೋಲ್ಟಿಗಿಂತ ಕೆಳಗಿಳಿದರೆ ಪೈ ಅದನ್ನು ಹೇಳುತ್ತದೆ.

1 ಜಿಬಿಯ ಪೈ 3 ಇದ್ದರೆ, ಕ್ಯಾಮೆರಾ ಚಿತ್ರದಲ್ಲಿ ಮನುಷ್ಯರನ್ನು ಗುರುತಿಸುವ ಕೆಲಸ ಸೇರಿಸಬೇಕೆಂದಿದ್ದರೆ, ಇಲ್ಲವೇ ನಿಮ್ಮದು 32-ಬಿಟ್ ಸ್ಥಾಪನೆಯಾಗಿದ್ದರೆ ಮುಂದೆ ಓದಿ. 32-ಬಿಟ್‌ಗೆ ಬೆಂಬಲ 2025.12ರ ಆವೃತ್ತಿಯೊಂದಿಗೆ ಮುಗಿದಿದೆ.

ಯಾವ ಯಂತ್ರ?

ಮೂರು ದಾರಿ ಇವೆ. ಮೊದಲನೆಯದು ಇಂಟೆಲ್ ಎನ್100 ಪ್ರೊಸೆಸರಿನ ಮಿನಿ ಪಿಸಿ: ನಾಲ್ಕು ಕೋರ್, 6 ವಾಟ್ ಶ್ರೇಣಿಯ ಚಿಪ್, ಕೆಲಸವಿಲ್ಲದಾಗ ಇಡೀ ಪೆಟ್ಟಿಗೆ ಎಳೆಯುವುದು 10 ವಾಟಿನ ಆಸುಪಾಸು. ಎರಡನೆಯದು ಕಚೇರಿಗಳು ಬಳಸಿ ಬಿಟ್ಟ ಡೆಲ್, ಲೆನೊವೊ, ಎಚ್‌ಪಿ ಕಂಪನಿಗಳ ಪುಟ್ಟ ಡೆಸ್ಕ್‌ಟಾಪು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಾಶಿ ಬಿದ್ದಿರುತ್ತವೆ. ಮಾದರಿ ಸಂಖ್ಯೆಯ ಕೊನೆಗೆ ಟಿ ಅಕ್ಷರವಿರುವ ಐ5 ಚಿಪ್ ಕೇಳಿ, ಅದು 35 ವಾಟಿನದು. ಮೂರನೆಯದು ಮನೆಯಲ್ಲೇ ಧೂಳು ತಿನ್ನುತ್ತಿರುವ ದೊಡ್ಡ ಸಿಪಿಯು. ಇದು ಪುಕ್ಕಟೆ ಅನಿಸುತ್ತದೆ, ಆದರೆ ಲೆಕ್ಕ ಹಾಕಿ: 50 ವಾಟ್ ಎಳೆಯುವ ಪೆಟ್ಟಿಗೆ ದಿನವಿಡೀ ಓಡಿದರೆ ತಿಂಗಳಿಗೆ 36 ಯೂನಿಟ್. 10 ವಾಟಿನದು 7.2 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆ 175 ಯೂನಿಟ್ ಸುಡುತ್ತಿದ್ದರೆ ಈ 36 ಸೇರಿ 200 ದಾಟುತ್ತದೆ, ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಳೇ ಸಿಪಿಯು ಬೇರೆ ಯಾರಿಗಾದರೂ ಕೊಟ್ಟುಬಿಡುವುದೇ ಲೇಸು.

ನಮ್ಮ ಆಯ್ಕೆ ಎನ್100, ಅದರಲ್ಲೂ 12 ವೋಲ್ಟ್ ಅಡಾಪ್ಟರಿನದು. ರೂಟರಿಗೆ ಹಾಕುವಂಥ ಪುಟ್ಟ 12 ವೋಲ್ಟ್ ಯುಪಿಎಸ್ಸಿನಲ್ಲಿ ಅದನ್ನೂ ಓಡಿಸಬಹುದು. ಕಚೇರಿಯ ಹಳೇ ಯಂತ್ರಗಳು 19 ಅಥವಾ 20 ವೋಲ್ಟ್ ಕೇಳುತ್ತವೆ, ಅವಕ್ಕೆ ಆ ಅನುಕೂಲವಿಲ್ಲ.

ಬೇಕಾಗುವ ಸಾಮಾನು:

– ಮಿನಿ ಪಿಸಿ, 8 ಜಿಬಿ ರ‍್ಯಾಮ್. ಕ್ಯಾಮೆರಾ ಗುರುತಿಸುವಿಕೆ ಇದ್ದರೆ 16 ಜಿಬಿ. ಎನ್100 ಯಂತ್ರಗಳಲ್ಲಿ ಸಾಮಾನ್ಯವಾಗಿ ರ‍್ಯಾಮ್ ಕಿಂಡಿ ಒಂದೇ. 8ರ ಪಕ್ಕ ಇನ್ನೊಂದು 8 ಸೇರಿಸುತ್ತೇನೆ ಎಂದರೆ ನಡೆಯದು, ಮೊದಲೇ ನಿರ್ಧರಿಸಿ.
– ಹೆಸರಿರುವ ಕಂಪನಿಯ 256 ಜಿಬಿ ಎಸ್‌ಎಸ್‌ಡಿ. ಯಂತ್ರದ ಜತೆ ಬರುವ ಹೆಸರಿಲ್ಲದ ಎಸ್‌ಎಸ್‌ಡಿಯನ್ನು ನಂಬಬೇಡಿ. ಎಂ.2 ಕಿಂಡಿ (ಎಸ್‌ಎಸ್‌ಡಿ ಕೂರುವ ಜಾಗ) ಸಾಟಾದ್ದೋ ಎನ್‌ವಿಎಂಇಯದ್ದೋ, ಉದ್ದ 42 ಮಿಲಿಮೀಟರೋ 80 ಮಿಲಿಮೀಟರೋ ಎಂದು ಮುಚ್ಚಳ ಬಿಚ್ಚಿ ನೋಡಿ ಆಮೇಲೆ ಕೊಳ್ಳಿ.
– ಅದೇ ಎಸ್‌ಎಸ್‌ಡಿಗೆ ಹೊಂದುವ ಯುಎಸ್‌ಬಿ ಕೇಸು, ಅಥವಾ 8 ಜಿಬಿಯ ಪೆನ್‌ಡ್ರೈವ್.
– ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್, 1ರಿಂದ 2 ಮೀಟರ್.
– ಲ್ಯಾನ್ ಕೇಬಲ್. ವೈಫೈನಲ್ಲಿ ಓಡಿಸುವ ಯೋಚನೆ ಬಿಡಿ.
– ಸಿಆರ್2032 ಬಟನ್ ಸೆಲ್, ಒಂದು.

ಕೊನೆಯ ಸಾಮಾನು ನಗೆಪಾಟಲು ಅನಿಸಬಹುದು. ಹಳೇ ಯಂತ್ರದ ಸೆಲ್ ಸತ್ತಿದ್ದರೆ ಕರೆಂಟ್ ಪೂರ್ತಿ ಹೋದಾಗ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ ಮೂಲ ಪ್ರೋಗ್ರಾಮ್) ಸೆಟ್ಟಿಂಗ್ ಅಳಿಸಿಹೋಗುತ್ತದೆ, ಗಡಿಯಾರ ಹಿಂದಕ್ಕೆ ಓಡುತ್ತದೆ. ಕರೆಂಟ್ ಬಂದ ತಕ್ಷಣ ತಾನೇ ಚಾಲೂ ಆಗು ಎಂದು ನೀವು ಹೇಳಿಟ್ಟದ್ದೂ ಅದರೊಂದಿಗೇ ಹೋಯಿತು. ಹತ್ತಿಪ್ಪತ್ತು ರೂಪಾಯಿ ಸೆಲ್ಲಿಗಾಗಿ ಇಡೀ ಮನೆ ನಿಲ್ಲುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಂಡರೆ ಸೆಲ್ ಬದಲಿಸುವಾಗಲೇ ಫ್ಯಾನಿನ ಧೂಳು ತೆಗೆಯಿರಿ, ಒಣಗಿ ಸುಣ್ಣದಂತಾಗಿರುವ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಚ್ಚಿ. ಡೆಲ್ ಯಂತ್ರಕ್ಕೆ ಕಂಪನಿಯ ಅಡಾಪ್ಟರನ್ನೇ ಕೇಳಿ ಪಡೆಯಿರಿ; ಅಡಾಪ್ಟರ್ ಗುರುತು ಸಿಗದಿದ್ದರೆ ಅದು ಪ್ರೊಸೆಸರಿನ ವೇಗ ಇಳಿಸಿಬಿಡುತ್ತದೆ, ನೀವು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ.

ಬಯೋಸ್

ಮಾನಿಟರ್, ಕೀಬೋರ್ಡ್ ಜೋಡಿಸಿ ಬಯೋಸಿಗೆ ಹೋಗಿ ಮೂರು ಕಡೆ ಕೈ ಹಾಕಬೇಕು. ಬೂಟ್ ವಿಧಾನ ಯುಇಎಫ್‌ಐ ಆಗಿರಲಿ, ಲೆಗಸಿ ಬೇಡ. ಸೆಕ್ಯೂರ್ ಬೂಟ್ ಆಫ್ ಮಾಡಿ. ಪವರ್ ವಿಭಾಗದಲ್ಲಿ ಎಸಿ ರಿಕವರಿ, ಆಫ್ಟರ್ ಪವರ್ ಲಾಸ್ ಎಂಬಂಥ ಹೆಸರಿನ ಸಾಲು ಹುಡುಕಿ ಪವರ್ ಆನ್ ಎಂದಿಡಿ. ಸೇವ್ ಮಾಡಿ, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಬಟನ್ ಮುಟ್ಟದೆ ಯಂತ್ರ ಎದ್ದರೆ ಸರಿ. ಏಳದಿದ್ದರೆ ಇಲ್ಲೇ ನಿಂತು ಸರಿಪಡಿಸಿ. ಕೆಲವು ಅಗ್ಗದ ಮಿನಿ ಪಿಸಿಗಳಲ್ಲಿ ಈ ಸಾಲೇ ಇರುವುದಿಲ್ಲ, ಅಂಥದ್ದನ್ನು ವಾಪಸ್ ಮಾಡುವುದು ಒಳ್ಳೆಯದು.

ಇಮೇಜ್ ಬರೆಯುವುದು

ಇಲ್ಲಿ ಎಡವುವವರು ಬಹಳ. ಹೋಮ್ ಅಸಿಸ್ಟೆಂಟ್ ಓಎಸ್‌ಗೆ ವಿಂಡೋಸಿನಂತೆ ಇನ್‌ಸ್ಟಾಲರ್ ಇಲ್ಲ. ಡೌನ್‌ಲೋಡ್ ಆಗುವ ಜೆನೆರಿಕ್ ಎಕ್ಸ್86-64 ಇಮೇಜೇ (ಡಿಸ್ಕಿನ ಪೂರ್ಣ ನಕಲು ಇರುವ ಫೈಲ್) ಇಡೀ ವ್ಯವಸ್ಥೆ. ಅದನ್ನು ಪೆನ್‌ಡ್ರೈವಿಗೆ ಬರೆದು, ಪಿಸಿಯಲ್ಲಿ ಚುಚ್ಚಿ, ಇನ್‌ಸ್ಟಾಲ್ ಬಟನ್ ಎಲ್ಲಿ ಎಂದು ಹುಡುಕಿದರೆ ಸಿಗದು. ಇಮೇಜನ್ನು ನೇರವಾಗಿ ಎಸ್‌ಎಸ್‌ಡಿಗೇ ಬರೆಯಬೇಕು.

ಸುಲಭದ ದಾರಿ: ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿನಲ್ಲಿಟ್ಟು ಲ್ಯಾಪ್‌ಟಾಪಿಗೆ ಹಾಕಿ, ಬಲೆನಾ ಎಚರ್ ಎಂಬ ಪ್ರೋಗ್ರಾಮಿನಲ್ಲಿ ಇಮೇಜ್ ಆರಿಸಿ ಬರೆಯಿರಿ. ಗುರಿಯ ಡಿಸ್ಕ್ ಯಾವುದೆಂದು ಗಾತ್ರ ನೋಡಿ ಎರಡು ಸಲ ಖಾತ್ರಿ ಮಾಡಿಕೊಳ್ಳಿ, ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ. ಕೇಸು ಇಲ್ಲದಿದ್ದರೆ ಪೆನ್‌ಡ್ರೈವಿನಿಂದ ಉಬುಂಟುವನ್ನು ಲೈವ್ ಆಗಿ ತೆರೆದು, ಅದರೊಳಗೆ ಇಮೇಜ್ ಇಳಿಸಿಕೊಂಡು, ಡಿಸ್ಕ್ಸ್ ಎಂಬ ಆ್ಯಪಿನ ರಿಸ್ಟೋರ್ ಡಿಸ್ಕ್ ಇಮೇಜ್ ಮೂಲಕ ಒಳಗಿನ ಎಸ್‌ಎಸ್‌ಡಿಗೆ ಬರೆಯಬಹುದು. ಬರೆದ ಮೇಲೂ ಬೂಟ್ ಆಗುವ ಡಿಸ್ಕ್ ಇಲ್ಲ ಎಂದರೆ ಬಯೋಸಿನಲ್ಲಿ ಹೊಸ ಬೂಟ್ ಆಯ್ಕೆ ಸೇರಿಸಿ, ಎಸ್‌ಎಸ್‌ಡಿಯ ಇಎಫ್‌ಐ ಫೋಲ್ಡರಿನೊಳಗಿನ ಬೂಟ್ಎಕ್ಸ್64 ಫೈಲನ್ನು ತೋರಿಸಿ.

ಒಂದೇ ಪಿಸಿಯಲ್ಲಿ ಹಲವು ವ್ಯವಸ್ಥೆ ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿ ಅದರ ಮೇಲೆ ವರ್ಚುವಲ್ ಯಂತ್ರವಾಗಿ ಓಡಿಸುವುದು ಚೆನ್ನಾಗಿಯೇ ಇದೆ. ಆದರೆ ಮನೆಯಲ್ಲಿ ಅದನ್ನು ಬಲ್ಲವರು ನೀವೊಬ್ಬರೇ ಆಗಿದ್ದು, ನೀವು ಊರಲ್ಲಿಲ್ಲದಾಗ ಕೆಟ್ಟರೆ ಫೋನಿನಲ್ಲಿ ವಿವರಿಸುವುದು ಕಷ್ಟ. ಮೊದಲ ಸಲಕ್ಕೆ ಬೇಡ.

ಬ್ಯಾಕಪ್ಪಿಗಿಂತ ಅದರ ಬೀಗದ ಕೈ ಮುಖ್ಯ

ಹಳೇ ಪೈನಲ್ಲಿ ಪೂರ್ಣ ಬ್ಯಾಕಪ್ ತೆಗೆದು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ಡೇಟಾಬೇಸ್ ಹಲವು ಜಿಬಿ ಬೆಳೆದಿದ್ದರೆ ಮೊದಲು ಹಳೇ ದಾಖಲೆ ಅಳಿಸುವ ರೆಕಾರ್ಡರ್ ಪರ್ಜ್ ಕ್ರಿಯೆಯನ್ನು ರೀಪ್ಯಾಕ್ ಆನ್ ಮಾಡಿ ಓಡಿಸಿ, ಇಲ್ಲದಿದ್ದರೆ ಸಾಯುತ್ತಿರುವ ಕಾರ್ಡು ಬ್ಯಾಕಪ್ಪಿನ ನಡುವೆಯೇ ಕೈಕೊಡಬಹುದು. 2025ರ ಜನವರಿ ಆವೃತ್ತಿಯಿಂದ ಸ್ವಯಂಚಾಲಿತ ಬ್ಯಾಕಪ್ ಎನ್‌ಕ್ರಿಪ್ಟ್ ಆಗುತ್ತದೆ; ಅದರ ಕೀ ಎಮರ್ಜೆನ್ಸಿ ಕಿಟ್ ಎಂಬ ಫೈಲಿನಲ್ಲಿರುತ್ತದೆ. ಆ ಕೀ ಇಲ್ಲದಿದ್ದರೆ ಬ್ಯಾಕಪ್ ಇದ್ದೂ ಇಲ್ಲದಂತೆ. ಬ್ಯಾಕಪ್ ಪುಟದಿಂದ ಕಿಟ್ ಇಳಿಸಿಕೊಂಡು ಕೀಯನ್ನು ಕಾಗದದ ಮೇಲೂ ಬರೆದಿಡಿ. ಹಳೇ ಪೈ ಸತ್ತ ಮೇಲೆ ಕೀ ಹುಡುಕಹೋದರೆ ಅದು ಪೈನೊಳಗೇ ಇತ್ತು ಎಂದು ತಿಳಿಯುವುದು ಆಗಲೇ.

ಜತೆಗೆ ಈ ನಾಲ್ಕನ್ನು ಅದೇ ಕಾಗದದಲ್ಲಿ ಬರೆಯಿರಿ: ಪೈಯ ಐಪಿ ವಿಳಾಸ, ಎಂಕ್ಯೂಟಿಟಿಯ (ಸ್ವಿಚ್ಚುಗಳು ಸಂದೇಶ ಕಳಿಸುವ ವ್ಯವಸ್ಥೆ) ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್, ಜಿಗ್ಬೀ ಚಾನೆಲ್, ಪೈಯ ಪಿನ್ನುಗಳಿಗೆ ನೇರವಾಗಿ ತಂತಿ ಹೋಗಿದ್ದರೆ ಯಾವುದು ಎಲ್ಲಿಗೆ. ಕೊನೆಯದು ಹೊಸ ಯಂತ್ರಕ್ಕೆ ಬರುವುದೇ ಇಲ್ಲ. ಮಿನಿ ಪಿಸಿಗೆ ಆ ಪಿನ್ನುಗಳಿಲ್ಲ, ಆ ರಿಲೇಗಳನ್ನು (ವಿದ್ಯುತ್ತಿನಿಂದ ಆಡುವ ಸ್ವಿಚ್ಚು) ಇಎಸ್‌ಪಿ32 ಎಂಬ ಪುಟ್ಟ ವೈಫೈ ಬೋರ್ಡಿಗೆ ಇಎಸ್‌ಪಿಹೋಮ್ ಸಾಫ್ಟ್‌ವೇರ್ ಹಾಕಿ ಮೊದಲೇ ವರ್ಗಾಯಿಸಿ ಒಂದು ವಾರ ಓಡಿಸಿ ನೋಡಬೇಕು. ಪಿನ್ನಿನ ಮೇಲೆ ಕೂರುವ ಜಿಗ್ಬೀ ಬೋರ್ಡಿಗೂ ಇದೇ ಗತಿ.

ಮೋಟಾರ್ ಮೊದಲು ಮ್ಯಾನುವಲ್

ಬದಲಿಸುವ ದಿನ ಬೆಳಗ್ಗೆ ಟ್ಯಾಂಕ್ ತುಂಬಿಸಿ, ಸಂಪಿನ ಮತ್ತು ಬೋರಿನ ಮೋಟಾರನ್ನು ಸ್ಟಾರ್ಟರಿನಲ್ಲೇ ಮ್ಯಾನುವಲ್‌ಗೆ ತಿರುಗಿಸಿ. ಆನ್ ಮಾಡಿದ ಆಜ್ಞೆ ಹೋಗಿ, ಆಫ್ ಮಾಡಬೇಕಾದ ಯಂತ್ರ ಟೇಬಲ್ಲಿನ ಮೇಲೆ ಬಿಚ್ಚಿ ಬಿದ್ದಿದ್ದರೆ ಸಂಪು ಖಾಲಿಯಾದರೂ ಮೋಟಾರ್ ಓಡುತ್ತಲೇ ಇರುತ್ತದೆ. ನೀರಿಲ್ಲದೆ ಓಡಿದ ಪಂಪಿನ ಸೀಲ್ ಸುಟ್ಟರೆ ಮಿನಿ ಪಿಸಿಯ ಉಳಿತಾಯವೆಲ್ಲ ವೈಂಡಿಂಗ್ ಅಂಗಡಿಗೆ.

ಇದಕ್ಕೆ ಶಾಶ್ವತ ಪರಿಹಾರ ರಿಲೇಯಲ್ಲೇ ಇದೆ. ಟಾಸ್ಮೋಟಾ ಎಂಬ ಸಾಫ್ಟ್‌ವೇರ್ ಹಾಕಿದ ವೈಫೈ ಸ್ವಿಚ್ಚಿನ ಕನ್ಸೋಲಿನಲ್ಲಿ ಪಲ್ಸ್‌ಟೈಮ್ ಆದೇಶಕ್ಕೆ 1900 ಕೊಡಿ. 111ಕ್ಕಿಂತ ಮೇಲಿನ ಸಂಖ್ಯೆಯಿಂದ 100 ಕಳೆದರೆ ಸೆಕೆಂಡು ಬರುತ್ತದೆ. 1900 ಎಂದರೆ 1800 ಸೆಕೆಂಡು, ಅರ್ಧ ಗಂಟೆ. ಅಷ್ಟರಲ್ಲಿ ಯಾರೂ ಆಫ್ ಮಾಡದಿದ್ದರೆ ಸ್ವಿಚ್ಚು ತಾನೇ ಆಫ್ ಆಗುತ್ತದೆ. ನಿಮ್ಮ ಟ್ಯಾಂಕ್ ತುಂಬಲು ಬೇಕಾದ ಹೊತ್ತಿಗೆ ಐದು ನಿಮಿಷ ಸೇರಿಸಿ ಇಡಿ. ಪವರ್‌ಆನ್‌ಸ್ಟೇಟ್ ಆದೇಶಕ್ಕೆ 0 ಕೊಡಿ. ಮುಟ್ಟದೆ ಬಿಟ್ಟರೆ ಅದು 3ರಲ್ಲಿರುತ್ತದೆ, ಅಂದರೆ ಕರೆಂಟ್ ಹೋಗುವಾಗ ಮೋಟಾರ್ ಆನ್ ಇದ್ದರೆ ಬಂದಾಗಲೂ ಆನ್. ಇನ್ನೊಂದು ಮಾತು: 10 ಆಂಪಿಯರಿನ ಪುಟ್ಟ ಸ್ವಿಚ್ಚಿಗೆ ನೇರವಾಗಿ ಮೋಟಾರ್ ಕಟ್ಟಬೇಡಿ. ಸ್ವಿಚ್ಚು ಕಾಂಟ್ಯಾಕ್ಟರಿನ (ಭಾರಿ ಹೊರೆ ತಾಳುವ ರಿಲೇ) ಕಾಯಿಲನ್ನು ಎತ್ತಲಿ, ಮೋಟಾರಿನ ಹೊರೆ ಕಾಂಟ್ಯಾಕ್ಟರ್ ಹೊರಲಿ.

ಬದಲಿಸುವುದು

ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರು ಮಾಡಬೇಡಿ, ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಕೂರಿ. ಹೊಸ ಪಿಸಿಗೆ ಲ್ಯಾನ್ ಮತ್ತು ಮಾನಿಟರ್ ಮಾತ್ರ ಹಾಕಿ ಆನ್ ಮಾಡಿ. ಡಾಂಗಲ್ ಇನ್ನೂ ಪೈನಲ್ಲೇ ಇರಲಿ. ಮೊದಲ ಸಲ ಅದು ಇಂಟರ್ನೆಟ್ಟಿನಿಂದ ಸಾಕಷ್ಟು ಇಳಿಸಿಕೊಳ್ಳುತ್ತದೆ, 20 ನಿಮಿಷ ಬೇಕಾಗಬಹುದು. ಪರದೆಯ ಮೇಲೆ ಐಪಿ ಕಾಣುತ್ತದೆ. ಬ್ರೌಸರಿನಲ್ಲಿ ಆ ಐಪಿಯ ಕೊನೆಗೆ ಕೋಲನ್ ಹಾಕಿ 8123 ಬರೆದು ತೆರೆಯಿರಿ.

ಸ್ವಾಗತದ ಪುಟ ಬಂದಾಗ ಹೊಸ ಖಾತೆ ಮಾಡಬೇಡಿ. ಈಗ ಪೈಯನ್ನು ಮೆನುವಿನಿಂದ ಶಟ್‌ಡೌನ್ ಮಾಡಿ, ವೈರ್ ಕಿತ್ತು, ಡಾಂಗಲ್ಲನ್ನು ಪಿಸಿಗೆ ಬದಲಿಸಿ. ಆಮೇಲೆ ಬ್ಯಾಕಪ್ಪಿನಿಂದ ಮರುಸ್ಥಾಪಿಸುವ ಆಯ್ಕೆ ಒತ್ತಿ, ಫೈಲ್ ಏರಿಸಿ, ಕೀ ಕೊಡಿ, ಎಲ್ಲವನ್ನೂ ಆರಿಸಿ. ಪೈನಿಂದ ಇಂಟೆಲ್ ಯಂತ್ರಕ್ಕೆ ಹೋದರೂ ತೊಂದರೆಯಿಲ್ಲ; ಸೆಟ್ಟಿಂಗ್ ಬ್ಯಾಕಪ್ಪಿನಿಂದ ಬರುತ್ತದೆ, ಆ್ಯಡ್-ಆನ್‌ಗಳು ಹೊಸ ಯಂತ್ರಕ್ಕೆ ತಕ್ಕಂತೆ ಮತ್ತೆ ಇಳಿಯುತ್ತವೆ. ಪುಟ ಬಹಳ ಹೊತ್ತು ಸುಮ್ಮನೆ ನಿಂತಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಗಾಬರಿಯಿಂದ ಪವರ್ ಬಟನ್ ಒತ್ತಿದವರು ಮತ್ತೆ ಇಮೇಜ್ ಬರೆಯುವಲ್ಲಿಂದ ಶುರು ಮಾಡಬೇಕಾಗುತ್ತದೆ. ಹೋಗಿ ಒಂದು ಪ್ಲೇಟ್ ಮಂಡಕ್ಕಿ-ಮಿರ್ಚಿ ತಿಂದು ಬನ್ನಿ.

ವಾಪಸ್ ಬಂದ ಮೇಲೆ ವಿಳಾಸದ ಕೆಲಸ. ಹೊಸ ಪಿಸಿಯ ಮ್ಯಾಕ್ ವಿಳಾಸ (ಲ್ಯಾನ್ ಕಾರ್ಡಿನ ಗುರುತು ಸಂಖ್ಯೆ) ಬೇರೆ, ಹಾಗಾಗಿ ರೂಟರ್ ಅದಕ್ಕೆ ಬೇರೆ ಐಪಿ ಕೊಟ್ಟಿರುತ್ತದೆ. ಟಾಸ್ಮೋಟಾ ಸ್ವಿಚ್ಚುಗಳಿಗೆ ಎಂಕ್ಯೂಟಿಟಿ ಬ್ರೋಕರ್ ಎಲ್ಲಿದೆ ಎಂದು ಗೊತ್ತಿರುವುದು ಹಳೇ ಐಪಿಯಿಂದಲೇ. ಅವೆಲ್ಲ ಆಫ್‌ಲೈನ್ ಎಂದು ಕಂಡರೆ ಸ್ವಿಚ್ಚು ಕೆಟ್ಟಿಲ್ಲ, ಹಳೇ ಮನೆಯ ಬಾಗಿಲು ತಟ್ಟುತ್ತಿವೆ ಅಷ್ಟೆ. ರೂಟರಿನ ಡಿಎಚ್‌ಸಿಪಿ (ಐಪಿ ಹಂಚುವ) ಪಟ್ಟಿಯಲ್ಲಿ ಪೈಯ ಕಾಯ್ದಿರಿಸುವಿಕೆ ಅಳಿಸಿ, ಅದೇ ಐಪಿಯನ್ನು ಹೊಸ ಮ್ಯಾಕಿಗೆ ಕೊಟ್ಟು ಪಿಸಿ ರೀಸ್ಟಾರ್ಟ್ ಮಾಡಿ. ಹೋಮ್ ಅಸಿಸ್ಟೆಂಟಿನ ನೆಟ್‌ವರ್ಕ್ ಪುಟದಲ್ಲೂ ಆ ಐಪಿಯನ್ನು ಸ್ಥಿರವಾಗಿ ಬರೆದಿಟ್ಟರೆ ಇನ್ನೂ ಭದ್ರ: ಕರೆಂಟ್ ಬಂದಾಗ ರೂಟರಿಗಿಂತ ಪಿಸಿಯೇ ಮೊದಲು ಎದ್ದರೂ ವಿಳಾಸ ತಪ್ಪುವುದಿಲ್ಲ.

ಜಿಗ್ಬೀ

ಡಾಂಗಲ್ ಅದೇ ಆಗಿದ್ದರೆ ಒಂದು ಸೆನ್ಸರನ್ನೂ ಮತ್ತೆ ಜೋಡಿಸಬೇಕಿಲ್ಲ. ಜಾಲದ ಗುರುತೆಲ್ಲ ಅದರಲ್ಲೂ ಬ್ಯಾಕಪ್ಪಿನಲ್ಲೂ ಇದೆ. ಜಿಗ್ಬೀ ಶುರುವಾಗದಿದ್ದರೆ ಪೋರ್ಟಿನ ಹೆಸರು ನೋಡಿ. ಟಿಟಿವೈ ಎಂದು ಶುರುವಾಗಿ ಸಂಖ್ಯೆಯಲ್ಲಿ ಮುಗಿಯುವ ಚಿಕ್ಕ ಹೆಸರು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಹಾರ್ಡ್‌ವೇರ್ ಪುಟದ ಪೂರ್ಣ ಪಟ್ಟಿಯಲ್ಲಿ ಡಾಂಗಲ್ಲಿನ ಬೈ-ಐಡಿ ಎಂಬ ಉದ್ದದ ದಾರಿ ಇರುತ್ತದೆ, ಅದನ್ನೇ ನಕಲು ಮಾಡಿ ಹಾಕಿ.

ಡಾಂಗಲ್ಲನ್ನು ಪಿಸಿಯ ಬೆನ್ನಿಗೆ ನೇರವಾಗಿ ಚುಚ್ಚಬೇಡಿ. ಯುಎಸ್‌ಬಿ 3.0 ಕಿಂಡಿ ಮತ್ತು ಎಸ್‌ಎಸ್‌ಡಿ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತವೆ; ಇಂಟೆಲ್ ಕಂಪನಿಯೇ ಇದನ್ನು 2012ರಲ್ಲಿ ಬರೆದಿಟ್ಟಿದೆ. ಪೈನಲ್ಲಿ ಚೆನ್ನಾಗಿದ್ದ ಮಹಡಿಯ ಸೆನ್ಸರು ಹೊಸ ಯಂತ್ರದಲ್ಲಿ ಬಿಟ್ಟುಬಿಟ್ಟು ಕಾಣುವುದು ಇದರಿಂದ. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಸಾಧ್ಯವಾದರೆ ಕಪ್ಪು ಬಣ್ಣದ ಯುಎಸ್‌ಬಿ 2.0 ಕಿಂಡಿಗೆ ಸೇರಿಸಿ, ಪಿಸಿ ಮತ್ತು ರೂಟರ್ ಎರಡರಿಂದಲೂ ಒಂದು ಮೀಟರ್ ದೂರ ಇಡಿ. ಜಿಗ್ಬೀ 11ನೇ ಚಾನೆಲ್ಲಿನಲ್ಲಿದ್ದರೆ ರೂಟರಿನ ವೈಫೈಯನ್ನು ಆಟೊದಲ್ಲಿ ಬಿಡದೆ 11ಕ್ಕೆ ಕಟ್ಟಿಹಾಕಿ. ಸಂಖ್ಯೆ ಒಂದೇ ಆದರೂ ಎರಡರ ಎಣಿಕೆ ಬೇರೆ: ಜಿಗ್ಬೀ 11 ಪಟ್ಟಿಯ ತಳದಲ್ಲಿದೆ, ವೈಫೈ 11 ಮೇಲ್ತುದಿಯಲ್ಲಿ.

ಬ್ಯಾಟರಿಯ ಬಾಗಿಲು ಸೆನ್ಸರುಗಳು ಕೆಲವು ಗಂಟೆ ಸತ್ತಂತೆ ತೋರಬಹುದು. ಬಾಗಿಲು ಒಮ್ಮೆ ತೆಗೆದು ಹಾಕಿ, ಏಳುತ್ತವೆ. ಡಿಲೀಟ್ ಮಾಡಲು ಹೋಗಬೇಡಿ.

ಕ್ಯಾಮೆರಾ ಇದ್ದರೆ

ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿಬಿ. ನಾಲ್ಕಕ್ಕೆ 86 ಜಿಬಿ ದಾಟುತ್ತದೆ, 256 ಜಿಬಿ ಎಸ್‌ಎಸ್‌ಡಿ ಮೂರು ದಿನಕ್ಕೆ ಭರ್ತಿ. ಆದ್ದರಿಂದ ಕ್ಯಾಮೆರಾ ದಾಖಲಿಸುವ ಫ್ರಿಗೇಟ್ ಎಂಬ ಸಾಫ್ಟ್‌ವೇರ್ ಹಾಕುವವರು ಚಲನೆ ಇದ್ದಾಗಿನದನ್ನಷ್ಟೇ ಉಳಿಸಿ, ಗುರುತಿಸುವಿಕೆಗೆ ಕ್ಯಾಮೆರಾದ ಸಬ್‌ಸ್ಟ್ರೀಮ್ (ಕಡಿಮೆ ಗಾತ್ರದ ವಿಡಿಯೊ) ಕೊಡಿ. ಎನ್100ರ ಒಳಗಿನ ಗ್ರಾಫಿಕ್ಸ್ ಇಂಟೆಲಿನ ಓಪನ್‌ವಿನೊ ಸಾಫ್ಟ್‌ವೇರ್ ಮೂಲಕ ಮನುಷ್ಯರನ್ನು ಗುರುತಿಸುವ ಕೆಲಸ ಮಾಡುತ್ತದೆ.

ಕರೆಂಟ್, ಸಿಡಿಲು, ಬಿಸಿಲು, ಧೂಳು

ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮತ್ತು ಇಕೊ ಎಂಬ ಸ್ವಿಚ್ ಇದ್ದರೆ ಯುಪಿಎಸ್ ಕಡೆಗಿಡಿ. ಇಕೊದಲ್ಲಿ ಬ್ಯಾಟರಿಗೆ ಬದಲಾಗಲು ತಗಲುವ ಹೊತ್ತು ಹೆಚ್ಚು, ಫ್ಯಾನಿಗೆ ಗೊತ್ತಾಗದು, ಪಿಸಿ ರೀಸ್ಟಾರ್ಟ್ ಆಗುತ್ತದೆ. 12 ವೋಲ್ಟಿನ ಪುಟ್ಟ ಯುಪಿಎಸ್ ಕೊಳ್ಳುವಾಗ ಆಂಪಿಯರ್ ನೋಡಿ: ಪಿಸಿಯ ಅಡಾಪ್ಟರ್ ಮೇಲೆ 12 ವೋಲ್ಟ್ 3 ಆಂಪಿಯರ್ ಎಂದಿದ್ದರೆ 2 ಆಂಪಿಯರಿನ ಯುಪಿಎಸ್ ಬೂಟ್ ಆಗುವಾಗಲೇ ಕುಸಿಯುತ್ತದೆ. ರೂಟರಿಗೆ ಬೇರೆಯದು ಇರಲಿ. ಕಂಪ್ಯೂಟರ್ ಅಂಗಡಿಯ ಸಾದಾ 600 ವಿಎ ಯುಪಿಎಸ್ ಆದರೆ ಒಳಗಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 84 ವಾಟ್-ಅವರ್. ಪಿಸಿ, ರೂಟರ್, ಫೈಬರ್ ಪೆಟ್ಟಿಗೆ ಸೇರಿ 30 ವಾಟ್ ಎಳೆದರೆ ಒಂದೂವರೆ ಗಂಟೆ ನಿರೀಕ್ಷಿಸಬಹುದು, ಅದೂ ಬ್ಯಾಟರಿ ಹೊಸದಿದ್ದಾಗ.

ಮುಂಗಾರಿಗೆ ಮೊದಲಿನ ಸಿಡಿಲು ಬರುವುದು ಬಹುಮಟ್ಟಿಗೆ ಹೊರಗಿನ ಕ್ಯಾಮೆರಾದ ಲ್ಯಾನ್ ತಂತಿಯಲ್ಲಿ. ಆ ತಂತಿಗಳನ್ನು ಪಿಸಿ ಇರುವ ನೆಟ್‌ವರ್ಕ್ ಸ್ವಿಚ್ಚಿಗೆ ನೇರ ತರದೆ ಬೇರೆ ಅಗ್ಗದ ಸ್ವಿಚ್ಚಿಗೆ ತಂದು, ನಡುವೆ ಸರ್ಜ್ ಪ್ರೊಟೆಕ್ಟರ್ ಹಾಕಿ. ಅರ್ತಿಂಗ್ ಗುಂಡಿ ಒಣಗಿದ್ದರೆ ಅದೂ ವ್ಯರ್ಥ. ಬೇಸಗೆಯಲ್ಲಿ ಗುಂಡಿಗೆ ನೀರು ಹಾಕುವುದು ಹಳೇ ಎಲೆಕ್ಟ್ರಿಷಿಯನ್ನರ ಬುದ್ಧಿಮಾತು, ಸರಿಯಾದದ್ದೇ.

ಪೆಟ್ಟಿಗೆ ಇಡುವ ಜಾಗ ಅಟ್ಟವಲ್ಲ. ಏಪ್ರಿಲ್ ಮಧ್ಯಾಹ್ನ ಆರ್‌ಸಿಸಿ ಛಾವಣಿಯ ಕೆಳಗಿನ ಅಟ್ಟ ಒಲೆಯಾಗಿರುತ್ತದೆ. ನೆಲದಿಂದ ಎದೆಯೆತ್ತರದಲ್ಲಿ, ಗಾಳಿಯಾಡುವ ಗೋಡೆಗೆ ನಿಲ್ಲಿಸಿ. ಚಿತ್ರದುರ್ಗದ ಕಡೆಯವರಿಗೆ ಗಾಳಿಯ ಬಗ್ಗೆ ಹೇಳಬೇಕಿಲ್ಲ, ಜೋಗಿಮಟ್ಟಿಯ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ; ಅಲ್ಲಿ ಫ್ಯಾನ್ ಇಲ್ಲದ ಮಾದರಿ ಕೊಳ್ಳುವುದು ವಾಸಿ, ಫ್ಯಾನ್ ಇದ್ದರೆ ಮೂರು ತಿಂಗಳಿಗೊಮ್ಮೆ ಬ್ರಷ್ ಆಡಿಸಿ. ಪ್ರೊಸೆಸರ್ ಉಷ್ಣತೆಯನ್ನು ಸೆನ್ಸರಾಗಿ ಸೇರಿಸಿ, 80 ಡಿಗ್ರಿ ದಾಟಿದರೆ ಫೋನಿಗೆ ಸುದ್ದಿ ಬರುವಂತೆ ಮಾಡಿ.

ಒಪ್ಪಿಸುವ ಮುನ್ನ

ಪೈಯ ಕಾರ್ಡನ್ನು ಅಳಿಸಬೇಡಿ. ಲಕೋಟೆಯಲ್ಲಿ ಹಾಕಿ ತಾರೀಖು ಬರೆದು 15 ದಿನ ಇಡಿ. ಹೊಸದು ಕೈಕೊಟ್ಟರೆ ಡಾಂಗಲ್ ಸಮೇತ ಹತ್ತು ನಿಮಿಷದಲ್ಲಿ ಹಿಂದಕ್ಕೆ ಹೋಗಬಹುದು. ಎರಡನ್ನೂ ಒಟ್ಟಿಗೆ ಮಾತ್ರ ಆನ್ ಮಾಡಬೇಡಿ, ಪೈನಲ್ಲೂ ಅದೇ ಐಪಿ ಸ್ಥಿರವಾಗಿದ್ದರೆ ಒಂದೇ ವಿಳಾಸಕ್ಕೆ ಜಗಳವಾಗುತ್ತದೆ. ಹೊಸ ಯಂತ್ರದ ಸ್ವಯಂಚಾಲಿತ ಬ್ಯಾಕಪ್ ಅದೇ ಎಸ್‌ಎಸ್‌ಡಿಯಲ್ಲಿ ಮಾತ್ರ ಬೀಳದೆ ಗೂಗಲ್ ಡ್ರೈವಿಗೋ ಮನೆಯ ಇನ್ನೊಂದು ಡಿಸ್ಕಿಗೋ ಹೋಗುತ್ತಿದೆಯೇ ಪರೀಕ್ಷಿಸಿ.

ಆಮೇಲೆ ಯುಪಿಎಸ್ಸನ್ನೂ ಆಫ್ ಮಾಡಿ, ಮೇನ್ ಎಂಸಿಬಿ ಇಳಿಸಿ. ಎರಡು ನಿಮಿಷ ಬಿಟ್ಟು ಏರಿಸಿ, ಯುಪಿಎಸ್ ಆನ್ ಮಾಡಿ. ಕೈಯಲ್ಲಿ ಗಡಿಯಾರ ಹಿಡಿದು ನೋಡಿ: ಫೈಬರ್ ಪೆಟ್ಟಿಗೆ, ರೂಟರ್, ಪಿಸಿ, ಎಂಕ್ಯೂಟಿಟಿ, ಜಿಗ್ಬೀ. ಐದು ನಿಮಿಷದೊಳಗೆ ಎಲ್ಲವೂ ನಿಮ್ಮ ಕೈ ತಾಗದೆ ಏಳಬೇಕು, ಮೋಟಾರಿನ ರಿಲೇ ಆಫ್ ಆಗಿಯೇ ಇರಬೇಕು. ಇದನ್ನು ಮೂರು ಸಲ ಮಾಡಿ. ಮೂರೂ ಸಲ ಸರಿ ಬಂದರೆ ಸ್ಟಾರ್ಟರನ್ನು ಆಟೊಗೆ ತಿರುಗಿಸಿ.